ಹೆಸರಿನ ಋಣ

ತೇನಿ ಜಿಲ್ಲೆಯ ಆಂಡಿಪಟ್ಟಿಯ ಕಡೆ ಪುಲಿಮಾನ್‌ಕೊಂಬೈ ಎಂಬ ಊರಿದೆ. ಅಲ್ಲಿ ಪ್ರಾಚೀನ ಸಮಾಧಿಗಳಿದ್ದ ನೆಲದಲ್ಲಿ 2006ರಲ್ಲಿ ತಮಿಳು ಬ್ರಾಹ್ಮಿ ಬರಹದ ಮೂರು ವೀರಗಲ್ಲುಗಳು ದೊರೆತವು. ಅವು ಎರಡು ಸಾವಿರ ವರ್ಷಗಳಿಗೂ ಹಿಂದಿನವು. ಒಂದರಲ್ಲಿ ತುರುಗೋಳಿನಲ್ಲಿ ಮಡಿದವನ ಹೆಸರಿದೆ. ತುರುಗೋಳಿನ ವೀರಗಲ್ಲು ಕನ್ನಡ ನಾಡಿನಲ್ಲೂ ಊರೂರಿಗೆ ಇರುವಂಥದು. ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತ ಬಂದವರಿಗೆ ಅದು ಎರಡೂ ಕಡೆಯ ಸ್ವತ್ತು. ಸಮಾಧಿಯ ನೆಲದಿಂದ ಕಲ್ಲನ್ನು ಎತ್ತಿದರೆಂದು ನಮಗೆ ನೋವಾಗುವುದಿಲ್ಲ. ಮರೆತ ಹೆಸರು ಮರಳಿತಲ್ಲ ಎಂದು ಸಂತೋಷವೇ ಆಗುತ್ತದೆ.

ಹಾಗಾದರೆ ಸತ್ತವರ ನೆಲೆಯನ್ನು ಮುಟ್ಟಬಾರದು ಎಂಬ ಮಾತಿಗೆ ಅರ್ಥವೇನು? ಯುದ್ಧಕಾಲದಲ್ಲಿ ಮುಳುಗಿದ ಹಡಗುಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ.

1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ‘ಘಾಜಿ’ ವಿಶಾಖಪಟ್ಟಣದ ಎದುರು ಮುಳುಗಿತು. ಒಳಗಿದ್ದವರಾರೂ ಉಳಿಯಲಿಲ್ಲ. 2024ರಲ್ಲಿ ನಮ್ಮ ನೌಕಾಪಡೆ ಆಳಕ್ಕಿಳಿಯುವ ಯಂತ್ರದಿಂದ ಅದನ್ನು ಗುರುತಿಸಿತು. ಆದರೆ ಸತ್ತವರ ಗೌರವಕ್ಕಾಗಿ ಮುಟ್ಟದೆ ಬಿಟ್ಟಿತು. ವೈರಿಗೂ ಸಂದ ಮರ್ಯಾದೆ ಅದು.

ಇನ್ನೊಂದು ಹಡಗಿಗೆ ನಮ್ಮ ಉತ್ತರ ಕನ್ನಡದ ಗೇರುಸೊಪ್ಪೆಯ ಹೆಸರು. ಸರಕು ಹಡಗು ‘ಗೇರ್‌ಸೊಪ್ಪ’ 1940ರ ಡಿಸೆಂಬರಿನಲ್ಲಿ ಕಲ್ಕತ್ತೆಯಿಂದ ಬೆಳ್ಳಿ, ಚಹಾ, ಕಬ್ಬಿಣ ಹೊತ್ತು ಬ್ರಿಟನ್ನಿಗೆ ಹೊರಟಿತು. 1941ರ ಫೆಬ್ರವರಿಯಲ್ಲಿ ಜರ್ಮನ್ ಜಲಾಂತರ್ಗಾಮಿಯ ಹೊಡೆತಕ್ಕೆ ಐರ್ಲೆಂಡಿನ ನೈರುತ್ಯಕ್ಕೆ ಮುಳುಗಿತು. ಸತ್ತವರು 80ಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಲಾಸ್ಕರರು, ಅಂದರೆ ನಮ್ಮ ಉಪಖಂಡದ ನಾವಿಕರು. ಪಾರಾಗಿ ಬದುಕಿದವನು ಒಬ್ಬನೇ, ರಿಚರ್ಡ್ ಏರ್ಸ್. ತೆರೆದ ದೋಣಿಯಲ್ಲಿ 13 ದಿನ ಕಳೆದು ದಡ ಕಂಡವನು. 2012 ಮತ್ತು 2013ರಲ್ಲಿ ಅಮೆರಿಕದ ಕಂಪನಿಯೊಂದು ಸುಮಾರು 4,700 ಮೀಟರ್ ಆಳದಿಂದ, ಯಂತ್ರಗಳ ಕೈಯಲ್ಲಿ, 2,792 ಬೆಳ್ಳಿ ಗಟ್ಟಿಗಳನ್ನು ಎತ್ತಿತು. ಒಪ್ಪಂದದಂತೆ ನೂರಕ್ಕೆ 80 ಪಾಲು ಕಂಪನಿಗೆ, ಉಳಿದದ್ದು ಬ್ರಿಟಿಷ್ ಸರಕಾರಕ್ಕೆ.

ಇದರಲ್ಲಿ ತಪ್ಪೇನು ಎಂದು ಕೇಳಬಹುದು. ಬೆಳ್ಳಿಗೆ ವಾರಸುದಾರರಿದ್ದರು, ಕಾನೂನು ಮೀರಲಿಲ್ಲ. ಹಲವರು ದೋಣಿಗಳಲ್ಲಿ ಹಡಗು ಬಿಟ್ಟೇ ಸತ್ತವರು. ಅದನ್ನು ಎಲ್ಲರ ಸಮಾಧಿ ಎನ್ನಲೂ ಬಾರದು. ಈ ವಾದದಲ್ಲಿ ಸತ್ಯವಿದೆ. ಆದರೆ ಗಟ್ಟಿಗಳ ಲೆಕ್ಕ ಒಂದೂ ತಪ್ಪದೆ ಪತ್ರಿಕೆಗಳಲ್ಲಿ ಬಂದಾಗ, ಕಡಿಮೆ ಸಂಬಳಕ್ಕೆ ಕಲ್ಲಿದ್ದಲು ತುಂಬಿದವರ ಹೆಸರು ಎಷ್ಟು ಮನೆಗೆ ತಲುಪಿತು? ಅಂಥ ನಾವಿಕರ ಹೆಸರುಗಳು ಮುಂಬಯಿ ಮತ್ತು ಚಿತ್ತಗಾಂಗಿನ ಸ್ಮಾರಕ ಗ್ರಂಥಗಳಲ್ಲಿವೆ. ಹುಡುಕಿಕೊಂಡು ಹೋಗುವವರು ಬೇಕು.

ಅದೇ ಹಡಗಿನಿಂದ 700ಕ್ಕೂ ಹೆಚ್ಚು ಕಾಗದಗಳೂ ಬಂದವು. ಬೆಳಕು, ಗಾಳಿ ಸೋಕದ ಜಾಗದಲ್ಲಿ ಒತ್ತಿಕೊಂಡಿದ್ದರಿಂದ 70 ವರ್ಷ ಕಳೆದರೂ ಓದಬರುವಂತಿದ್ದವು. 2018ರಲ್ಲಿ ಲಂಡನ್ನಿನ ಅಂಚೆ ಸಂಗ್ರಹಾಲಯ ಅವನ್ನು ಜನರ ಮುಂದಿಟ್ಟಿತು. ಎತ್ತಿದ ಯಂತ್ರ ಒಂದೇ, ಆಳ ಒಂದೇ. ಆದರೂ ಕಾಗದವನ್ನು ಎತ್ತಿದ್ದು ಪುಲಿಮಾನ್‌ಕೊಂಬೈಯ ಕಲ್ಲನ್ನು ಎತ್ತಿದ ಹಾಗೆ: ಬರೆದವರ ಮಾತು ಜನರ ನಡುವೆ ಮರಳಿತು.

ಆದ್ದರಿಂದ ಮುಟ್ಟುವುದು ಸರಿಯೋ ಎಂದಷ್ಟೇ ಕೇಳಿದರೆ ಸಾಲದು. ಎತ್ತಿದ್ದರಲ್ಲಿ ಸತ್ತವರಿಗೆ ಸಂದದ್ದೇನು ಎಂದೂ ಕೇಳಬೇಕು. ಏನೂ ಇಲ್ಲವಾದರೆ ಘಾಜಿಯಂತೆ ಸುಮ್ಮನೆ ಬಿಡುವುದೇ ಮೇಲು. ಸಮವಸ್ತ್ರ ತೊಟ್ಟವನಿಗೆ ಸಲ್ಲುವ ಆ ಮರ್ಯಾದೆ ಬಾಯ್ಲರಿನ ಮುಂದೆ ಬೆವರಿದವನಿಗೂ ಸಲ್ಲಬೇಕು. ದನ ಕಾದು ಸತ್ತವನಿಗೆ ಕಲ್ಲು ನೆಟ್ಟ ನಮ್ಮ ಹಿರಿಯರು ಅವನ ಹುದ್ದೆಯನ್ನು ಕೇಳಿರಲಿಲ್ಲ.