ಮಿಷನ್ ಕೊಟ್ಟಾಯ್ತಲ್ಲ, ಇನ್ನೇನು?

ವೀಡಿಯೋ ಮೀಟಿಂಗಿನಲ್ಲಿ ಅತ್ತ ಕಡೆಯವರ ಇಂಗ್ಲಿಷ್ ಅರ್ಥವಾಗದಿದ್ದರೆ ನಾನು ಸುಮ್ಮನೆ ಕ್ಯಾಪ್ಶನ್ ಆನ್ ಮಾಡ್ಕೋತೀನಿ. ನೀವೂ ಮಾಡ್ತೀರಿ. ಅದಕ್ಕೆ ಯಾರೂ ನಮ್ಮನ್ನು ಕಂಡು 'ಪಾಪ' ಅನ್ನೋದಿಲ್ಲ. ಆದರೆ ಶಾಲೆಗೆ ಹೋಗೋ ಮಗುವಿನ ಕಿವಿಯ ಹಿಂದೆ ಹಿಯರಿಂಗ್ ಏಡ್ ಕಂಡರೆ ನಮ್ಮ ದನಿಯೇ ಬದಲಾಗುತ್ತೆ: "ಪಾಪ, ಮಿಷನ್ ಕೊಟ್ಟಿದ್ದಾರಂತೆ." ಆ 'ಕೊಟ್ಟಿದ್ದಾರಂತೆ' ಬಗ್ಗೆ ನನ್ನ ತಕರಾರಿದೆ.

ಮೈಸೂರು ಸೀಮೆಯವರು ಈ ವಿಷಯದಲ್ಲಿ ಅದೃಷ್ಟವಂತರು. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ತಿ. ನರಸೀಪುರದ ಕಡೆಯ ಹೆಮ್ಮಿಗೆಯಂಥ ಊರಿಂದಲೂ ಬೆಳಿಗ್ಗೆ ಬಸ್ ಹತ್ತಿ ಸಂಜೆಗೆ ವಾಪಸು ಬರಬಹುದು. ಕಿವಿ ಪರೀಕ್ಷೆ ಆಗುತ್ತೆ, ಅಚ್ಚು ತೆಗೀತಾರೆ, ಕೇಂದ್ರದ ಅಡಿಪ್ ಯೋಜನೆಯಲ್ಲಿ ಬಡವರ ಮಕ್ಕಳಿಗೆ ಸಾಧನ ಉಚಿತ. ಊರಿಗೆ ಮರಳಿದ ಮೇಲಿನ ಕಥೆ?

ಮಗುವಿನ ಕಿವಿ ಬೆಳೆಯುತ್ತೆ, ಅಚ್ಚು ಸಡಿಲವಾಗಿ ಕುಂಯ್ ಅಂತ ಕೂಗೋಕೆ ಶುರುಮಾಡುತ್ತೆ; ಮತ್ತೆ ಮೈಸೂರು, ಮತ್ತೆ ಅಮ್ಮನದೋ ಅಪ್ಪನದೋ ಒಂದು ದಿನದ ಕೂಲಿ. ಬಟನ್ ಸೆಲ್ಲಿನ ಸ್ಟಿಕ್ಕರ್ ಒಮ್ಮೆ ಕಿತ್ತರೆ ಮುಗೀತು, ಬಳಸದಿದ್ದರೂ ಖಾಲಿಯಾಗುತ್ತಾ ಹೋಗುತ್ತೆ. ಇನ್ನು ಕ್ಲಾಸು. ಕನ್ನಡಕ ಹಾಕಿದ ಕೂಡಲೇ ಕಾಣುತ್ತಲ್ಲ, ಇದೂ ಹಾಗೇ ಅಂದ್ಕೊಂಡಿದ್ದೀವಿ. ಅಲ್ಲ. ಇದು ಮೇಷ್ಟ್ರ ಮಾತಿನ ಜೊತೆ ಫ್ಯಾನಿನ ಸದ್ದು, ಬೆಂಚೆಳೆಯೋ ಸದ್ದನ್ನೂ ದೊಡ್ಡದು ಮಾಡುತ್ತೆ; ಎಷ್ಟೇ ಡಿಜಿಟಲ್ ಆದರೂ ಪೂರ್ತಿ ಸೋಸೋದಿಲ್ಲ. ಬಯಲಲ್ಲಿ ದೂರ ಇಮ್ಮಡಿಯಾದರೆ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತೆ ಅನ್ನೋದು ಇಂಜಿನಿಯರಿಂಗ್ ಓದಿದ ನಿಮಗೆ ಗೊತ್ತು. ಕೊನೇ ಬೆಂಚಲ್ಲಿ ಕೂತ ಮಗುವಿಗೆ, ಬೋರ್ಡಿನ ಕಡೆ ತಿರುಗಿ ಪಾಠ ಮಾಡೋ ಮೇಷ್ಟ್ರ ತುಟಿಯೂ ಕಾಣದಿದ್ದರೆ, ಉಳಿಯೋದು ಬರೀ ಗದ್ದಲ. ಮೇಷ್ಟ್ರ ಕೊರಳಿಗೆ ಪುಟ್ಟ ಮೈಕು ಹಾಕಿ ದನಿಯನ್ನು ನೇರ ಸಾಧನಕ್ಕೇ ಕಳಿಸೋ ವ್ಯವಸ್ಥೆ ಇದೆ, ಬೆಲೆ ಜಾಸ್ತಿ. ಮಗುವನ್ನು ಮುಂದೆ ಕೂರಿಸೋಕೆ, ಇತ್ತ ತಿರುಗಿ ಮಾತಾಡೋಕೆ ಕಾಸು ಬೇಕಾಗಿಲ್ಲ.

ಹಾಗಾದರೆ ನಮ್ಮ ಹೊಣೆ ಎಲ್ಲಿಗೆ ಮುಗೀತು? ದಾನವಾದರೆ ಕೈಬಿಟ್ಟ ಕ್ಷಣಕ್ಕೇ ಮುಗೀತು. ಫೋಟೋ ಇದ್ದರಂತೂ ಇನ್ನೂ ಚೆನ್ನ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ದಾನದ ಭಾಷೆ ಆಡೋದಿಲ್ಲ. ಮಗುವಿನ ಅಗತ್ಯಕ್ಕೆ ತಕ್ಕಂತೆ ಶಾಲೆ ಹೊಂದಿಕೊಳ್ಳಬೇಕು ಅನ್ನುತ್ತೆ.

"ನಲವತ್ತು ಮಕ್ಕಳಲ್ಲಿ ಒಂದಕ್ಕಾಗಿ ಎಷ್ಟು ಅಂತ ಬದಲಾಗೋದು?" ಅಂತ ಮೇಷ್ಟ್ರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ, ಗಣತಿಯಿಂದ ಬಿಸಿಯೂಟದ ಲೆಕ್ಕದವರೆಗೆ ಎಲ್ಲಾ ಅವರ ತಲೆ ಮೇಲೇ ಇದೆ. ಆದರೆ ಹೊಂದಿಕೊಳ್ಳೋ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ಲ. ಈಗ ಅದನ್ನು ಪೂರ್ತಿಯಾಗಿ ಮಾಡ್ತಿರೋದು ಏಳೆಂಟು ವರ್ಷದ ಮಗು: ತುಟಿ ನೋಡಿ ಅರ್ಧ ಊಹಿಸಿ, ಕೇಳದಿದ್ದರೂ ತಲೆಯಾಡಿಸಿ. ಸಾಕಾಗಿ ಒಂದು ದಿನ ಮಿಷನ್ ತೆಗೆದು ಬ್ಯಾಗಿಗೆ ಹಾಕಿದರೆ, "ಕೊಟ್ಟರೂ ಹಾಕ್ಕೊಳಲ್ಲ ನೋಡಿ" ಅಂತೀವಿ.