ದೂರಿನ ಧರ್ಮ: ತಿಗಣೆ, ಪ್ರಮಾದ ಮತ್ತು ಅಹಿಂಸೆ

ಹಾಸಿಗೆಯ ಸಂದಿಯಲ್ಲಿ ಅಡಗಿದ್ದು, ಮಲಗಿದವರ ರಕ್ತ ಹೀರಿ ಬದುಕುವ ತಿಗಣೆಯನ್ನು ಕೊಲ್ಲುವುದು ಹಿಂಸೆಯೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಬಹುದಾದರೂ, ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಕನ್ನಡ ನಾಡಿನಲ್ಲಿ ಬೇರೂರಿರುವ ಜೈನ ಚಿಂತನೆಯ ಬೆಳಕಿನಲ್ಲಿ ನೋಡಿದರೆ ಅದು ಗೃಹಸ್ಥಧರ್ಮದ ಬುಡಕ್ಕೇ ಸಂಬಂಧಿಸಿದ ಪ್ರಶ್ನೆಯಾಗಿದೆ. ತಿಗಣೆ ಮನೆಯ ಮಂಚದಲ್ಲಿದ್ದಾಗ ಈ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಆ ಮನೆಯ ಯಜಮಾನನೊಬ್ಬನೇ. ಆದರೆ ಒಂದು ರಾತ್ರಿಗೋ ಕೆಲವು ರಾತ್ರಿಗಳಿಗೋ ಹಣ ಕೊಟ್ಟು ಪಡೆದ ಹಾಸಿಗೆಯಲ್ಲಿ, ಅಂದರೆ ವಸತಿಗೃಹದ ಕೋಣೆ, ರೈಲಿನ ಬರ್ತ್, ಸ್ಲೀಪರ್ ಬಸ್ಸಿನ ಗೂಡು ಅಥವಾ ವಿಹಾರದ ಹಡಗಿನ ಕ್ಯಾಬಿನ್‌ನಲ್ಲಿ, ಹಾಸಿಗೆಯ ಒಡೆಯ ಒಬ್ಬ, ಅದನ್ನು ಶುಚಿಗೊಳಿಸುವವನು ಇನ್ನೊಬ್ಬ, ಅದರಲ್ಲಿ ಮಲಗುವವನು ಮತ್ತೊಬ್ಬ. ಹೀಗೆ ಹೊಣೆ ಹಲವರಲ್ಲಿ ಹಂಚಿಹೋದಾಗ ಪಾಪವೂ ಹಂಚಿಹೋಗುತ್ತದೆಯೇ, ಅಥವಾ ಯಾರ ಪಾಲಿಗೂ ಸೇರದೆ ಉಳಿಯುತ್ತದೆಯೇ ಎಂಬುದೇ ಈ ಬರಹದ ವಿಷಯ.

ಈ ಪ್ರಶ್ನೆಗೆ ಬೆಂಗಳೂರಿನ ಗೊರಗುಂಟೆಪಾಳ್ಯದಷ್ಟು ತಕ್ಕ ನೆಲೆ ಬೇರೊಂದಿಲ್ಲ. ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ, ಒಂದು ಮಗ್ಗುಲಲ್ಲಿ ಯಶವಂತಪುರವನ್ನೂ ಇನ್ನೊಂದು ಮಗ್ಗುಲಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವನ್ನೂ ಇಟ್ಟುಕೊಂಡಿರುವ, 2014ರ ಮಾರ್ಚ್‌ನಿಂದ ಮೆಟ್ರೋ ನಿಲ್ದಾಣವನ್ನೂ ಪಡೆದಿರುವ ಈ ಜಾಗ, ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಡೆಗೆ ರಾತ್ರಿ ಹೊರಡುವ ಬಸ್ಸುಗಳು ನಗರವನ್ನು ಬಿಡುವ ಮೊದಲು ಜನರನ್ನು ಹತ್ತಿಸಿಕೊಳ್ಳುವ ತಾಣ. ಬೆಳಗಿನ ಜಾವ ಅದೇ ಬಸ್ಸುಗಳು ಮರಳಿ ಬಂದು ಜನರನ್ನು ಇಳಿಸುತ್ತವೆ. ಆ ಜನರಲ್ಲಿ ಅನೇಕರು ಕೆಲವೇ ಗಂಟೆಗಳಲ್ಲಿ ಕಾರ್ಖಾನೆಯ ಪಾಳಿಗೆ ಹಾಜರಾಗಬೇಕಾದವರು. ಅವರು ಬಸ್ಸಿನಲ್ಲಿ ಮಲಗಿ ಬಂದ ಹಾಸಿಗೆಯ ಮೇಲೆ ಅದೇ ದಿನ ಸಂಜೆ ಇನ್ನೊಬ್ಬರು ಮಲಗುತ್ತಾರೆ. ಮುಂಬೈಯಿಂದಲೋ ಚೆನ್ನೈಯಿಂದಲೋ ಹೊರಡುವ ಪ್ರವಾಸಿ ಹಡಗಿನಲ್ಲಿಯೂ ನಡೆಯುವುದು ಇದೇ: ಬೆಳಿಗ್ಗೆ ಒಂದು ತಂಡ ಇಳಿದು, ಅದೇ ಮಧ್ಯಾಹ್ನ ಇನ್ನೊಂದು ತಂಡ ಅದೇ ಕ್ಯಾಬಿನ್‌ಗಳನ್ನು ಸೇರುತ್ತದೆ. ಟಿಕೆಟ್ಟಿನ ಬೆಲೆಯಲ್ಲಿ ಅಜಗಜಾಂತರವಿದ್ದರೂ ಎರಡೂ ಕಡೆ ಹಾಸಿಗೆಗೆ ಸಿಗುವ ಬಿಡುವು ಕೆಲವು ಗಂಟೆಗಳದ್ದು ಮಾತ್ರ. ಶಿವನು ಹಿಮಾಲಯದಲ್ಲಿಯೂ ಹರಿಯು ಪಾಲ್ಗಡಲಿನಲ್ಲಿಯೂ ಮಲಗುವುದು ತಿಗಣೆಯ ಭಯದಿಂದಲೇ ಇರಬೇಕೆಂದು ಹಳೆಯ ಸಂಸ್ಕೃತ ಸುಭಾಷಿತವೊಂದು ಊಹಿಸುತ್ತದೆ. ಕಡಲ ಮೇಲಿನ ಹಾಸಿಗೆಯೂ ಈಗ ಆ ಭಯದಿಂದ ಹೊರತಾಗಿಲ್ಲ.

ವಾದಕ್ಕೆ ಬೇಕಾದಷ್ಟು ಮಟ್ಟಿಗೆ ಈ ಕೀಟದ ಸ್ವಭಾವವನ್ನು ತಿಳಿಯುವುದು ಅಗತ್ಯ. ತಿಗಣೆಗೆ ಹಾರಲೂ ನೆಗೆಯಲೂ ಬಾರದು; ಅದು ಊರಿಂದೂರಿಗೆ ಹೋಗುವುದು ಮನುಷ್ಯನ ಚೀಲ, ಹೊದಿಕೆ, ಬಟ್ಟೆಗಳ ಮೂಲಕ. ಮೊಟ್ಟೆಯೊಡೆದು ಹೊರಬಂದ ಮರಿ ಐದು ಸಲ ಪೊರೆ ಕಳಚಿ ಪ್ರೌಢಾವಸ್ಥೆಗೆ ಬರುತ್ತದೆ, ಮತ್ತು ಪ್ರತಿಯೊಂದು ಸಲವೂ ಅದಕ್ಕೆ ರಕ್ತದ ಊಟ ಬೇಕು. ಬೆಳೆದ ತಿಗಣೆ ಊಟವಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲದು. ಹೆಣ್ಣು ತನ್ನ ಜೀವಿತದಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಅದರ ಕಡಿತ ತುರಿಕೆ, ದದ್ದು, ನಿದ್ರಾಭಂಗಗಳನ್ನು ತರುತ್ತದೆಯಾದರೂ ಅದು ಮನುಷ್ಯರಿಗೆ ರೋಗ ಹರಡುತ್ತದೆ ಎಂಬುದು ಸಾಬೀತಾಗಿಲ್ಲ. ಈ ಕೊನೆಯ ಅಂಶ ಧರ್ಮವಿಚಾರದ ದೃಷ್ಟಿಯಿಂದ ಮುಖ್ಯವಾದುದು, ಏಕೆಂದರೆ ಪ್ರಾಣಾಪಾಯವೆಂಬ ಸಮರ್ಥನೆ ತಿಗಣೆಯ ವಿಷಯದಲ್ಲಿ ಸುಲಭವಾಗಿ ಒದಗುವುದಿಲ್ಲ.

ಜೈನ ಶಾಸ್ತ್ರ ಜೀವಿಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸುತ್ತದೆ. ಸ್ಪರ್ಶವೊಂದೇ ಇರುವ ಗಿಡಮರಗಳಿಂದ ಮೊದಲ್ಗೊಂಡು ಪಂಚೇಂದ್ರಿಯಗಳುಳ್ಳ ಮನುಷ್ಯನವರೆಗೆ ಹಬ್ಬಿರುವ ಈ ಏಣಿಯಲ್ಲಿ, ಸಂಸ್ಕೃತದಲ್ಲಿ ಮತ್ಕುಣವೆನಿಸಿಕೊಳ್ಳುವ ತಿಗಣೆಯು ಇರುವೆ, ಹೇನುಗಳ ಜೊತೆಗೆ ತ್ರೀಂದ್ರಿಯ ಜೀವಿ, ಎಂದರೆ ಸ್ಪರ್ಶ, ರುಚಿ, ವಾಸನೆ ಎಂಬ ಮೂರು ಅರಿವುಗಳುಳ್ಳದ್ದು. (ತಿಗಣೆಗೆ ಕಣ್ಣುಗಳೂ ಇವೆ ಎಂದು ಇಂದಿನ ಕೀಟವಿಜ್ಞಾನ ಹೇಳುವುದರಿಂದ ಆ ವಿಂಗಡಣೆಯನ್ನು ಅಕ್ಷರಶಃ ಒಪ್ಪಬೇಕಾಗಿಲ್ಲ, ನೋವನ್ನರಿಯುವ ಜೀವವೆಂದು ಅದನ್ನು ಗಣಿಸಿದ ದೃಷ್ಟಿ ಮಾತ್ರ ಇಲ್ಲಿ ಮುಖ್ಯ.) ಉಮಾಸ್ವಾಮಿಯ ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹರಣದ ಜೊತೆಗೆ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಸೇರಿಸುತ್ತದೆ. ಆ ಗ್ರಂಥಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನವನ್ನು ಬರೆದ, ಕರ್ನಾಟಕದೊಂದಿಗೆ ನಂಟುಳ್ಳ ಪೂಜ್ಯಪಾದರು ಇದನ್ನು ವಿವರಿಸುವ ಬಗೆ ಗಮನಾರ್ಹ: ನೆಲವನ್ನು ನೋಡಿ ನಡೆಯುವ ಮುನಿಯ ಕಾಲಡಿಗೆ ಹುಳುವೊಂದು ಹೇಗೋ ಸಿಕ್ಕಿ ಸತ್ತರೆ ಅವನಿಗೆ ಆ ಪಾಪದ ಬಂಧವಿಲ್ಲ, ನೋಡದೆ ನಡೆಯುವವನಿಗೆ ಯಾವ ಜೀವಿ ಸಾಯದಿದ್ದರೂ ಹಿಂಸೆಯ ದೋಷ ತಪ್ಪಿದ್ದಲ್ಲ. ಹಾಗಾದರೆ ಹಿಂಸೆ ಆರಂಭವಾಗುವುದು ತಿಗಣೆಯನ್ನು ಹೊಸಕುವ ಬೆರಳಿನಲ್ಲಲ್ಲ; ಹೊಲಿಗೆ ಬಿಟ್ಟ ಮೆತ್ತೆಯನ್ನು ವಾರಗಟ್ಟಲೆ ತಿರುವಿ ನೋಡದ ಕಣ್ಣಿನಲ್ಲಿ.

ಗೃಹಸ್ಥನ ವಿಷಯದಲ್ಲಿ ಈ ಪರಂಪರೆ ನಿಷ್ಠುರವಾಗಿಲ್ಲ. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆ, ಅಡುಗೆ, ಗುಡಿಸುವಿಕೆಗಳಂಥ ಮನೆಗೆಲಸದಲ್ಲಿ ಆಗುವ ಆರಂಭೀ ಹಿಂಸೆ, ಜೀವನೋಪಾಯದ ವೃತ್ತಿಯಲ್ಲಿ ಆಗುವ ಉದ್ಯೋಗೀ ಹಿಂಸೆ, ಮೇಲೆ ಬಿದ್ದವರನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆ ಎಂದು ನಾಲ್ಕು ಬಗೆಗಳನ್ನು ಹೇಳಿ, ಮೊದಲನೆಯದನ್ನು ಮಾತ್ರ ಗೃಹಸ್ಥನು ಪೂರ್ತಿಯಾಗಿ ಬಿಡಬೇಕೆಂದು ವಿಧಿಸುತ್ತದೆ. ಮನುಸ್ಮೃತಿಯೂ ಒಲೆ, ಬೀಸುವ ಕಲ್ಲು, ಪೊರಕೆ, ಒರಳು-ಒನಕೆ, ನೀರಿನ ಕೊಡ ಈ ಐದನ್ನು ಮನೆಯೊಳಗಿನ ವಧಸ್ಥಾನಗಳೆಂದು ಕರೆದು ಅವುಗಳ ದೋಷಕ್ಕೆ ಪಂಚಮಹಾಯಜ್ಞಗಳ ಪರಿಹಾರ ಹೇಳುವಾಗ, ಬದುಕಿದ್ದಷ್ಟು ಕಾಲ ಕೊಲೆ ತಪ್ಪದೆಂಬ ಅದೇ ಅರಿವನ್ನು ಬೇರೆ ದಾರಿಯಿಂದ ಮುಟ್ಟುತ್ತದೆ. ಬಿಸಿಲಿಗೆ ಮಂಚ ಹಾಕಿ, ಸಂದಿಗಳಿಗೆ ಕುದಿಯುವ ನೀರು ಹೊಯ್ಯುತ್ತಿದ್ದ ಹಳ್ಳಿಯ ಮನೆಯವರು ಆರಂಭೀ ಹಿಂಸೆಯ ಮೇರೆಯೊಳಗೇ ಇದ್ದರೆಂದು ಹೇಳಬಹುದು. ಆದರೆ ಬಸ್ಸಿನ ಒಡೆಯನಿಗೆ ಹಾಸಿಗೆ ವೃತ್ತಿಯ ಸಾಧನ. ಅವನ ಹಿಂಸೆ ಉದ್ಯೋಗೀ ಹಿಂಸೆ, ಮತ್ತು ಉದ್ಯೋಗೀ ಹಿಂಸೆಗೆ ಸಿಗುವ ವಿನಾಯಿತಿ ಎಚ್ಚರಿಕೆಯಿಂದ ವೃತ್ತಿ ನಡೆಸುವವನಿಗೆ ಸಲ್ಲುವ ವಿನಾಯಿತಿಯೇ ಹೊರತು ಸೋಮಾರಿಗೆ ಸಲ್ಲುವುದಲ್ಲ.

ಇಲ್ಲೊಂದು ಪ್ರಬಲವಾದ ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಮೊದಲ ವಾರದಲ್ಲೇ ನಾಲ್ಕು ತಿಗಣೆಗಳನ್ನು ತೆಗೆದರೆ ಆರನೆಯ ತಿಂಗಳಲ್ಲಿ ಸಾವಿರಾರನ್ನು ಕೊಲ್ಲುವುದು ತಪ್ಪುತ್ತದೆಯಲ್ಲವೇ, ಆದ್ದರಿಂದ ಬೇಗ ಕೊಲ್ಲುವುದೇ ಅಹಿಂಸೆಗೆ ಹತ್ತಿರವಲ್ಲವೇ ಎಂದು ಯಾರಾದರೂ ಕೇಳಬಹುದು. ಪುರುಷಾರ್ಥಸಿದ್ಧ್ಯುಪಾಯವನ್ನು ರಚಿಸಿದ ಅಮೃತಚಂದ್ರಸೂರಿ ಈ ಬಗೆಯ ಲೆಕ್ಕಾಚಾರವನ್ನು ಮುಂಚೆಯೇ ಕಂಡು ತಿರಸ್ಕರಿಸಿದ್ದಾರೆ: ಒಂದು ಕ್ರೂರಜೀವಿಯನ್ನು ಕೊಂದರೆ ಅನೇಕ ಜೀವಿಗಳು ಉಳಿಯುತ್ತವೆಂಬ ನೆಪದಿಂದ ಕೊಲ್ಲಲಾಗದು ಎಂಬುದು ಅವರ ನಿಲುವು. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ರಾಜನೂ ಅವನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ನರಳುವುದೂ ಸಂಖ್ಯೆಗಿಂತ ಸಂಕಲ್ಪವೇ ಮುಖ್ಯವೆಂಬ ಕಾರಣಕ್ಕೆ. ಅಲ್ಲಿ ಸತ್ತ ಪ್ರಾಣಿ ಒಂದೂ ಇಲ್ಲ, ಆದರೂ ಸಂಕಲ್ಪ ಹಿಂಸೆಯದ್ದೇ. ಸಂಖ್ಯೆಯ ವಾದ ಹಾಗಾಗಿ ಕೊಲೆಯನ್ನು ಪುಣ್ಯವಾಗಿಸಲಾರದು. ಆದರೆ ಅದು ಇನ್ನೊಂದನ್ನು ತೋರಿಸಿಕೊಡುತ್ತದೆ, ಮತ್ತು ಅದನ್ನು ಅಮೃತಚಂದ್ರರೂ ಅಲ್ಲಗಳೆಯಲಾರರು: ಪ್ರಮಾದ ಬೆಳೆದಷ್ಟೂ ಮುಂದೆ ಮಾಡಲೇಬೇಕಾಗುವ ಹಿಂಸೆಯೂ ಬೆಳೆಯುತ್ತದೆ. ಮೆತ್ತೆಯ ಹೊಲಿಗೆಯನ್ನು ಪ್ರತಿ ಪಯಣದ ನಂತರ ನೋಡುವುದು, ಪ್ಲೈವುಡ್ಡಿನ ಬಿರುಕುಗಳನ್ನೂ ಸ್ಕ್ರೂ ತೂತುಗಳನ್ನೂ ಮುಚ್ಚುವುದು, ಹೊದಿಕೆಗಳನ್ನು ಒಗೆಯದೆ ಇನ್ನೊಬ್ಬರಿಗೆ ಕೊಡದಿರುವುದು, ಇವೆಲ್ಲ ಕೀಟ ನೆಲೆಸುವ ಮೊದಲೇ ಮಾಡಬಹುದಾದ ಕೆಲಸಗಳು. ಮುನಿಗಳು ವಸ್ತುವನ್ನು ಎತ್ತುವಾಗ, ಇಡುವಾಗ ನವಿಲುಗರಿಯ ಪಿಂಛಿಯಿಂದ ಸವರಿ ನೋಡುವ ಆದಾನನಿಕ್ಷೇಪಣ ಸಮಿತಿಗೆ, ಅಂದರೆ ಎತ್ತಿಡುವುದರಲ್ಲಿ ಪಾಲಿಸಬೇಕಾದ ಎಚ್ಚರಕ್ಕೆ, ಬಸ್ಸಿನ ಡಿಪೋದಲ್ಲಿ ಸಲ್ಲುವ ರೂಪ ಇದೇ.

ಇನ್ನು ಕಚ್ಚಿಸಿಕೊಂಡವನ ಧರ್ಮ. ತಾಳ್ಮೆಯನ್ನು ಹೊಗಳುವ ನಾಡಿನಲ್ಲಿ ತಿಗಣೆಯ ಕಡಿತದ ಬಗ್ಗೆ ದೂರು ಹೇಳುವವನು ಸಣ್ಣವನಂತೆ ಕಾಣುತ್ತಾನೆ. ಒಂದು ರಾತ್ರಿ ಸಹಿಸಿಕೊಂಡರೆ ಆಯಿತೆಂಬ ಮಾತು ಬಸ್ಸಿನಲ್ಲಿ ಕೇಳದ ದಿನವಿಲ್ಲ. ಜೈನ ಮುನಿಗಳು ಗೆಲ್ಲಬೇಕಾದ 22 ಪರೀಷಹಗಳಲ್ಲಿ, ಅಂದರೆ ಹಸಿವು, ನೀರಡಿಕೆ, ಚಳಿ, ಸೆಕೆ ಮುಂತಾದ ಬಾಧೆಗಳಲ್ಲಿ, ಕೀಟಗಳ ಕಡಿತವಾದ ದಂಶಮಶಕ ಪರೀಷಹವೂ ಒಂದು. ಹಾಗೆಂದು ಮುನಿಯ ಸಹನೆಯನ್ನು ಪ್ರಯಾಣಿಕನಿಗೆ ಆದರ್ಶವಾಗಿ ತೋರಿಸುವುದು ದೊಡ್ಡ ತಪ್ಪು. ಮುನಿಯು ಆ ಬಾಧೆಯನ್ನು ತಾನಾಗಿ ಒಪ್ಪಿಕೊಂಡವನು, ಮತ್ತು ಅವನಿಗೆ ಹಾಸಿಗೆಯೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಕಡಿತದ ನೋವು ಅವನ ಮೈಯಲ್ಲೇ ಮುಗಿಯುತ್ತದೆ. ಪ್ರಯಾಣಿಕನ ಮೌನ ಅವನ ಮೈಯಲ್ಲಿ ಮುಗಿಯುವುದಿಲ್ಲ. ಅವನು ಇಳಿದ ಮೇಲೆ ಅದೇ ಬರ್ತಿನಲ್ಲಿ ಮಗುವನ್ನು ಮಲಗಿಸಿಕೊಳ್ಳುವ ತಾಯಿಗೆ ಆ ಮೌನ ದಾಟುತ್ತದೆ, ಅವನ ಚೀಲದೊಳಗೆ ಸೇರಿದ ತಿಗಣೆಯ ರೂಪದಲ್ಲಿ ಅವನ ಬಾಡಿಗೆ ಕೋಣೆಗೂ ಸಹೋದ್ಯೋಗಿಗಳ ಹಾಸಿಗೆಗೂ ದಾಟುತ್ತದೆ. ಪರರಿಗೆ ದಾಟುವ ನೋವನ್ನು ಸಹಿಸಿಕೊಳ್ಳುವುದು ಕ್ಷಮೆಯಲ್ಲ, ಅದೂ ಪ್ರಮಾದವೇ. ಆದ್ದರಿಂದ ದೂರು ಹೇಳುವುದು ಸ್ವಂತ ಸುಖದ ಹಟವೆಂಬ ಭಾವನೆ ಬಿಡಬೇಕಾದದ್ದು. ಮುಂದಿನವನ ಪರವಾಗಿ ಆಡುವ ಮಾತು ಅದು.

ಆದರೆ ಆ ಮಾತನ್ನು ಯಾರಿಗೆ ಹೇಳಬೇಕೆಂಬುದು ಹೇಳಬೇಕೆಂಬುದರಷ್ಟೇ ಮುಖ್ಯ. ಪಂಚತಂತ್ರದಲ್ಲಿ ರಾಜನ ಹಾಸಿಗೆಯಲ್ಲಿ ಬಹುಕಾಲದಿಂದ ಯಾರಿಗೂ ತಿಳಿಯದಂತೆ ಬದುಕಿದ್ದ ಮಂದವಿಸರ್ಪಿಣಿಯೆಂಬ ಹೇನು, ಅತಿಥಿಯಾಗಿ ಬಂದ ಅಗ್ನಿಮುಖನೆಂಬ ತಿಗಣೆಯ ಆತುರದ ಕಡಿತದಿಂದ ಪ್ರಾಣ ಕಳೆದುಕೊಳ್ಳುತ್ತದೆ. ಕಚ್ಚಿದ್ದು ಸಂದಿಗೆ ನುಸುಳಿ ಪಾರಾಗುತ್ತದೆ, ಬಟ್ಟೆಯ ಮಡಿಕೆಯಲ್ಲಿ ಕೈಗೆ ಸಿಕ್ಕದ್ದು ಸಾಯುತ್ತದೆ. ನಡುರಾತ್ರಿ ಎದ್ದ ಪ್ರಯಾಣಿಕನ ಸಿಟ್ಟು ಬೀಳುವುದೂ ಕೈಗೆ ಸಿಕ್ಕವರ ಮೇಲೆಯೇ: ಬಸ್ಸಿನಲ್ಲಾದರೆ ಕ್ಲೀನರ್ ಹುಡುಗನ ಮೇಲೆ, ಹಡಗಿನಲ್ಲಾದರೆ ಕ್ಯಾಬಿನ್ ಗುಡಿಸುವ, ಮನೆಯಿಂದ ತಿಂಗಳುಗಟ್ಟಲೆ ದೂರವಿರುವ ನೌಕರನ ಮೇಲೆ. ಹಾಸಿಗೆ ಬದಲಿಸುವ ಅಧಿಕಾರ ಅವರಿಬ್ಬರಿಗೂ ಇಲ್ಲ. ಅಳತೆಯರಿತು, ಹಿತವಾಗುವಂತೆ ಮಾತಾಡಬೇಕೆನ್ನುವ ಭಾಷಾಸಮಿತಿಯ ನಿಯಮ ದೂರಿಗೂ ಅನ್ವಯಿಸುತ್ತದೆ. ಕೂಗಾಟದಿಂದ ಕ್ಲೀನರ್ ಅವಮಾನಗೊಳ್ಳುತ್ತಾನೆ, ತಿಗಣೆ ಉಳಿಯುತ್ತದೆ. ಕಚ್ಚಿದ ಗುರುತಿನ ಚಿತ್ರ, ಬರ್ತಿನ ಸಂಖ್ಯೆ, ದಿನಾಂಕ, ಟಿಕೆಟ್ಟು ಇವುಗಳೊಂದಿಗೆ ಒಡೆಯನಿಗೆ ಬರೆದ ನಾಲ್ಕು ಸಾಲುಗಳು ಸತ್ಯವೂ ಹೌದು, ಹಿತವೂ ಹೌದು.

ಕರ್ನಾಟಕದಲ್ಲಿಯೇ ಇದಕ್ಕೆ ನಿದರ್ಶನವಿದೆ. 2022ರಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಹೊರಟ ದಂಪತಿಗೆ ತಿಗಣೆಗಳ ಕಾಟವಾಗಿ, ಅವರು ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕರ ಆಯೋಗದ ಮೊರೆ ಹೊಕ್ಕಾಗ, ಆಯೋಗವು ಬಸ್ಸಿನ ಒಡೆಯರೂ ಟಿಕೆಟ್ ಮಾರಿದ ಆನ್‌ಲೈನ್ ಸಂಸ್ಥೆಯೂ ಸೇರಿ 1 ಲಕ್ಷ ರೂಪಾಯಿಯ ಪರಿಹಾರವನ್ನೂ ಅದರ ಜೊತೆಗೆ ಟಿಕೆಟ್ ದರ, ವ್ಯಾಜ್ಯದ ಖರ್ಚು ಮುಂತಾದವನ್ನೂ ಕೊಡಬೇಕೆಂದು ಆದೇಶಿಸಿತು. ಹಾಸಿಗೆಯನ್ನು ಮುಟ್ಟದೆ ಕೇವಲ ಟಿಕೆಟ್ ಮಾರಿದವರನ್ನೂ ಹೊಣೆಯಿಂದ ಬಿಡದ ಈ ಆದೇಶ ಧರ್ಮದೃಷ್ಟಿಯಿಂದಲೂ ಸರಿಯಾದುದೆಂದೇ ಹೇಳಬೇಕು, ಏಕೆಂದರೆ ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂಬ ಕೃತ, ಕಾರಿತ, ಅನುಮತ ಮೂರರಲ್ಲಿಯೂ ಕರ್ಮದ ಪಾಲಿದೆಯೆಂದು ಜೈನ ಶಾಸ್ತ್ರ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಸೇವೆಯ ನ್ಯೂನತೆಯೆಂಬುದನ್ನು ವಿವರಿಸುವಾಗ ನಿರ್ಲಕ್ಷ್ಯವನ್ನೂ ಮಾಡಬೇಕಾದ್ದನ್ನು ಮಾಡದಿರುವುದನ್ನೂ ಹೆಸರಿಸಿಯೇ ಸೇರಿಸಿದೆ.

ದೂರಿಗೆ ಕಿವಿಗೊಡದೆ ತಪ್ಪನ್ನು ಮುಚ್ಚಿಡುವ ಒಡೆಯ ಕೊನೆಗೆ ವಿಷದ ಮೊರೆ ಹೋಗುತ್ತಾನೆ, ಮತ್ತು ವಿಷ ಕೀಟಕ್ಕಷ್ಟೇ ನಿಲ್ಲುವುದಿಲ್ಲ. 1940ರ ದಶಕದಲ್ಲಿ ಡಿಡಿಟಿ ಬಂದಾಗ ತಿಗಣೆಯ ಕಥೆ ಮುಗಿಯಿತೆಂದು ಜಗತ್ತು ನಂಬಿತ್ತು. ಅದೇ ದಶಕ ಮುಗಿಯುವ ಮೊದಲೇ ಹವಾಯಿಯಲ್ಲಿ ಡಿಡಿಟಿಗೆ ಜಗ್ಗದ ತಿಗಣೆಗಳು ಕಾಣಿಸಿಕೊಂಡವು, ಈಗ ಬಳಕೆಯಲ್ಲಿರುವ ಪೈರೆಥ್ರಾಯ್ಡ್ ಔಷಧಗಳಿಗೂ ಹಲವೆಡೆ ಅವು ಒಗ್ಗಿಹೋಗಿವೆ. ಔಷಧ ನಾಟದಿದ್ದಾಗ ಇನ್ನಷ್ಟು ತೀಕ್ಷ್ಣವಾದದ್ದನ್ನು ಹುಡುಕುವ ಮನಸ್ಸು ಭಯಾನಕವಾದುದು. ಕಾಳಿನ ಗೋದಾಮುಗಳಿಗಾಗಿ ಇರುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳು ತೇವ ತಾಗಿದೊಡನೆ ಫಾಸ್ಫೀನ್ ಎಂಬ ಮಾರಕ ಅನಿಲವನ್ನು ಬಿಡುತ್ತವೆ. ಮುಚ್ಚಿದ ಕೋಣೆಯಲ್ಲಿ ಅದು ಮಲಗಿದವರನ್ನು ಕೊಲ್ಲಬಲ್ಲದು. 2025ರಲ್ಲಿ ಬೆಂಗಳೂರಿನ ಪಿಜಿ (ಪೇಯಿಂಗ್ ಗೆಸ್ಟ್) ವಸತಿಯೊಂದರಲ್ಲಿ, ತಿಗಣೆಗೆಂದು ಔಷಧ ಹಾಕಿದ್ದ ಕೋಣೆಯಲ್ಲಿ ಮಲಗಿದ ಯುವಕನೊಬ್ಬ ಸತ್ತನೆಂಬ ವರದಿ ಬಂದಾಗ, ಪ್ರಮಾದ ಮನುಷ್ಯನ ಪ್ರಾಣದವರೆಗೆ ಬೆಳೆದು ಬಂದದ್ದು ಕಂಡಿತು.

ದೂರಿನ ದಾರಿ ಎಲ್ಲರಿಗೂ ಒಂದೇ ಅಗಲವಾಗಿಲ್ಲವೆಂಬುದನ್ನು ಮರೆಯಬಾರದು. ಹಡಗಿನ ಪ್ರವಾಸಿಗೆ ಹಗಲೂ ರಾತ್ರಿ ತೆರೆದಿರುವ ಅತಿಥಿಸೇವೆಯ ಕೌಂಟರ್ ಇದೆ, ಬೇರೆ ಕ್ಯಾಬಿನ್ ಕೇಳುವ ಧೈರ್ಯವೂ ಇದೆ. ಗೊರಗುಂಟೆಪಾಳ್ಯದ ಸರ್ವೀಸ್ ರಸ್ತೆಯಲ್ಲಿ ಬೆಳಗಿನ ಜಾವ ಇಳಿದ ಕಾರ್ಮಿಕನಿಗೆ ಬಸ್ಸು ಹೊರಟುಹೋದ ಮೇಲೆ ಮಾತಾಡಲು ಯಾರೂ ಉಳಿದಿರುವುದಿಲ್ಲ. 2019ರ ಕಾಯ್ದೆ ಅವನಿಗೆ ಸ್ವಲ್ಪ ನೆರವಾಗಿದೆ: ಬಸ್ಸಿನ ಕಚೇರಿ ಯಾವ ಊರಿನಲ್ಲಿದ್ದರೂ ಅವನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ದುಡ್ಡು 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕನ್ನಡದಲ್ಲಿಯೇ ಹೇಳಿಕೊಳ್ಳಬಹುದು. ಆದರೆ ರಸ್ತೆ ಬದಿಯಲ್ಲಿ ನಿಂತು, ಕೈಗೆ ನಗದು ಕೊಟ್ಟು ಹತ್ತಿದವನ ಬಳಿ ತಾನು ಆ ಬಸ್ಸಿನಲ್ಲಿ, ಆ ಬರ್ತಿನಲ್ಲಿ ಮಲಗಿದ್ದೆನೆಂಬುದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ಅವನ ದೂರು ಮೊದಲಾಗಬೇಕಾದದ್ದು ರಾತ್ರಿ ಬಸ್ಸು ಹತ್ತುವಾಗಲೇ, ಟಿಕೆಟ್ಟನ್ನು ಕೇಳಿ ಪಡೆಯುವುದರಿಂದ.