ಶಿಶುಶಿಕ್ಷಣದಲ್ಲಿ ಹಾಡು: ಸಾಧನವೋ, ಸಾಧ್ಯವೋ?

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಹಾಡಿಗೆ ಸ್ಥಾನವಿಲ್ಲವೆಂದು ಯಾರೂ ಹೇಳಲಾರರು. ಬೆಳಗಿನ ಪ್ರಾರ್ಥನೆಯಲ್ಲಿ ಅದು ಇರುವದು. ಮಗ್ಗಿಯನ್ನು ಬಾಯಿಪಾಠ ಮಾಡಿಸುವಾಗ ರಾಗವಾಗಿ ಬರುವದು. ಸ್ನೇಹಸಮ್ಮೇಲನದ ದಿನ ಬಣ್ಣದ ಉಡುಪು ತೊಟ್ಟು ವೇದಿಕೆಯನ್ನು ಏರುವದು. ಆದರೆ ಈ ಮೂರೂ ಕಡೆಗಳಲ್ಲಿ ಅದು ಬೇರೊಂದರ ಸೇವೆಗೆ ನಿಂತಿದೆ: ಒಮ್ಮೆ ಶಿಸ್ತಿನ, ಒಮ್ಮೆ ಸ್ಮರಣೆಯ, ಒಮ್ಮೆ ಪ್ರದರ್ಶನದ ಸೇವೆಗೆ. ಹಾಗಾದರೆ ಹಾಡೆಂಬುದು ಕಹಿ ಮದ್ದಿಗೆ ಸವರುವ ಬೆಲ್ಲ ಮಾತ್ರವೋ, ಅಥವಾ ಅದು ತನ್ನಷ್ಟಕ್ಕೆ ತಾನೇ ಮಗುವಿಗೆ ಸಲ್ಲಬೇಕಾದ ವಸ್ತುವೋ? ಶಿಕ್ಷಕ ಬಂಧುಗಳು ಒಮ್ಮೆ ನಿಂತು ವಿಚಾರಿಸಬೇಕಾದ ಪ್ರಶ್ನೆಯಿದು.

ಶಿಶುವಿನ ಬೆಳವಣಿಗೆಯನ್ನು ಕುರಿತು ಚಿಂತಿಸಿದ ಹಿರಿಯರು ಈ ಪ್ರಶ್ನೆಗೆ ಒಂದೇ ಉತ್ತರವನ್ನು ಕೊಟ್ಟಿಲ್ಲ. 1837ರಲ್ಲಿ ಜರ್ಮನಿಯಲ್ಲಿ ಶಿಶುಶಾಲೆಯನ್ನು ತೆರೆದು, ಮುಂದೆ ಅದಕ್ಕೆ ‘ಕಿಂಡರ್‌ಗಾರ್ಟನ್’ ಎಂಬ ಹೆಸರನ್ನಿಟ್ಟ ಫ್ರೋಬೆಲ್ಲನು 1844ರಲ್ಲಿ ತಾಯಂದಿರಿಗಾಗಿ ಒಂದು ಹಾಡಿನ ಪುಸ್ತಕವನ್ನೇ ಪ್ರಕಟಿಸಿದನು. ಅದರಲ್ಲಿ ಹಾಡಿನೊಡನೆ ಬೆರಳಾಟವೂ ಚಿತ್ರವೂ ಇದ್ದವು. ನಮ್ಮ ಅಜ್ಜಿಯರು ಕೂಸಿನ ಅಂಗೈಯನ್ನು ಹಿಡಿದು, ಒಂದೊಂದು ಬೆರಳನ್ನೂ ಮಡಿಸುತ್ತ ರಾಗವಾಗಿ ಹೇಳಿ, ಕೊನೆಗೆ ಕಂಕುಳಿನವರೆಗೆ ಬೆರಳನ್ನು ಹರಿದಾಡಿಸಿ ನಗಿಸುವರಲ್ಲವೆ? ಫ್ರೋಬೆಲ್ಲನು ದೊಡ್ಡ ತತ್ತ್ವವಾಗಿ ಮಂಡಿಸಿದ್ದು ಇದನ್ನೇ.

ಮಾರಿಯಾ ಮೊಂಟೆಸ್ಸೊರಿಯವರ ದಾರಿ ಬೇರೆ. 1907ರಲ್ಲಿ ರೋಮಿನಲ್ಲಿ ಬಡವರ ಮಕ್ಕಳಿಗಾಗಿ ಶಿಶುಗೃಹವನ್ನು ತೆರೆದ ಈ ವೈದ್ಯೆ, ಕಿವಿಯನ್ನು ಕಣ್ಣಿನಂತೆಯೇ ಪಳಗಿಸಬೇಕೆಂದು ಬಗೆದರು. ಒಂದೇ ಆಕಾರದ ಎರಡು ಸಾಲು ಗಂಟೆಗಳು. ಬಡಿದು, ಆಲಿಸಿ, ಸಮಸ್ವರದ ಜೋಡಿಯನ್ನು ಕೂಸು ತಾನೇ ಹುಡುಕಬೇಕು. 1939ರಲ್ಲಿ ಅವರು ಮದ್ರಾಸಿನ ಅಡಿಯಾರಿಗೆ ಬಂದು, ಯುದ್ಧದ ಕಾರಣ 1946ರವರೆಗೆ ಭಾರತದಲ್ಲಿಯೇ ಉಳಿದುದು ನಮ್ಮ ಶಿಕ್ಷಕರ ಭಾಗ್ಯ. ಆದರೆ ಆ ಗಂಟೆಗಳನ್ನು ಕೊಳ್ಳುವ ಶಕ್ತಿ ಹಳ್ಳಿಯ ಶಾಲೆಗೆ ಎಲ್ಲಿಂದ ಬರಬೇಕು? ಅದಕ್ಕೆ ಉತ್ತರವನ್ನು ಹುಡುಕಿದವರು ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಮತ್ತು ಅವರ ಸಹಕಾರಿಣಿ ತಾರಾಬಾಯಿ ಮೋಡಕ್. ತಾರಾಬಾಯಿಯವರು 1945ರಲ್ಲಿ ಬೋರ್ಡಿಯಲ್ಲಿ ಕೆಲಸವನ್ನಾರಂಭಿಸಿ, ಊರಿನಲ್ಲಿ ಸಿಗುವ ವಸ್ತುಗಳಿಂದಲೇ ಶಿಶುಶಿಕ್ಷಣವನ್ನು ನಡೆಸಬಹುದೆಂದು ತೋರಿಸಿದರು. ಇಂದಿನ ಅಂಗನವಾಡಿಯ ಬೇರು ಅಲ್ಲಿದೆ.

ಇನ್ನು ಪಿಯಾಜೆಯ ಮಾತು. ಸುಮಾರು ಎರಡರಿಂದ ಏಳು ವರ್ಷಗಳವರೆಗಿನ ಮಗು ತರ್ಕದಿಂದ ಯೋಚಿಸುವದಿಲ್ಲ; ಆಟ, ಅನುಕರಣೆ, ಕಲ್ಪನೆಗಳಿಂದ ಲೋಕವನ್ನು ಹಿಡಿಯುತ್ತದೆ. ಇದು ನಿಜವಾದರೆ ಶಿಶುಗೀತವನ್ನು ಹಾಡಿಸಿದ ಕೂಡಲೇ ‘ಇದರ ಅರ್ಥವೇನು, ಇದರಿಂದ ಕಲಿತ ಪಾಠವೇನು?’ ಎಂದು ಕೇಳುವ ನಮ್ಮ ರೂಢಿ ವ್ಯರ್ಥ. ಕೂಸು ಹಾಡನ್ನು ಅರ್ಥಮಾಡಿಕೊಳ್ಳುವದು ಕೈಯಿಂದ, ಕಾಲಿನಿಂದ.

ಹೊಸ ಸಂಶೋಧನೆಗಳು ಇನ್ನೂ ಹಿಂದಕ್ಕೆ ಹೋಗಿವೆ. ಗರ್ಭದ ಕೊನೆಯ ತಿಂಗಳುಗಳಲ್ಲಿಯೇ ಶಿಶು ತಾಯಿಯ ದನಿಯನ್ನು ಕೇಳುತ್ತದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹುಟ್ಟಿ ಕೆಲವೇ ದಿನಗಳಾದ 30 ಫ್ರೆಂಚ್ ಮತ್ತು 30 ಜರ್ಮನ್ ಶಿಶುಗಳ ಅಳುವನ್ನು ಹೋಲಿಸಿ ನೋಡಿದಾಗ, ಫ್ರೆಂಚ್ ಕೂಸುಗಳ ಅಳು ಹೆಚ್ಚಾಗಿ ಮೇಲಕ್ಕೇರುವ ಧಾಟಿಯಲ್ಲಿಯೂ ಜರ್ಮನ್ ಕೂಸುಗಳದು ಕೆಳಗಿಳಿಯುವ ಧಾಟಿಯಲ್ಲಿಯೂ ಇದ್ದುದು ಕಂಡುಬಂದಿತು. ತಾಯ್ನುಡಿಯ ರಾಗ ಅಳುವಿನಲ್ಲಿಯೇ ಇಳಿದಿತ್ತು! ಆದ್ದರಿಂದ ಸಂಗೀತವನ್ನು ಮಗುವಿಗೆ ಶಾಲೆಯು ಕೊಡುವದೆಂಬ ಭಾವನೆಯೇ ತಲೆಕೆಳಗು. ಮಗುವೇ ಅದನ್ನು ಹೊತ್ತು ತರುತ್ತದೆ. ಶಾಲೆಯು ಅದನ್ನು ಬಾಗಿಲಲ್ಲಿ ಇಳಿಸಿ ಬರಹೇಳುವದೋ, ಒಳಗೆ ಕರೆದುಕೊಳ್ಳುವದೋ ಎಂಬುದಷ್ಟೇ ಪ್ರಶ್ನೆ.

‘ಇದರಿಂದ ಏನು ಲಾಭ?’ ಎಂದು ಪಾಲಕರು ಕೇಳುವರು. ಬೆಳಗಾದರೆ ಕೂಲಿಗೆ ಹೋಗುವ ತಂದೆತಾಯಿಗಳು ಹೀಗೆ ಕೇಳಿದರೆ ಅದನ್ನು ಹಗುರವಾಗಿ ಕಾಣಲಾಗದು. ಲಾಭವಿದೆ. 1983ರಲ್ಲಿ ಬ್ರಾಡ್ಲಿ ಮತ್ತು ಬ್ರಯಂಟ್ ಎಂಬವರು ಇಂಗ್ಲಂಡಿನ ಮಕ್ಕಳಲ್ಲಿ ಪರೀಕ್ಷಿಸಿ, ಪ್ರಾಸವನ್ನು ಗುರುತಿಸಬಲ್ಲ ಕಿವಿಗೂ ಮುಂದೆ ಓದು ಕೈಗೂಡುವದಕ್ಕೂ ಸಂಬಂಧವುಂಟೆಂದು ತೋರಿಸಿದರು. ಕನ್ನಡದಲ್ಲಿಯಂತೂ ಲಿಪಿಯ ಘಟಕವೇ ಅಕ್ಷರ. ‘ಕಮಲ’ ಎಂದು ಮೂರು ಚಪ್ಪಾಳೆ ತಟ್ಟುವ ಕೂಸು ಬರೆಯುವ ಮೊದಲೇ ಮೂರು ಅಕ್ಷರಗಳನ್ನು ಬಿಡಿಸಿಕೊಂಡಿರುತ್ತದೆ. ಜೋಗುಳದಲ್ಲಿ ದನಿಯನ್ನು ಎಳೆದವನಿಗೆ ಹ್ರಸ್ವ ದೀರ್ಘಗಳ ಭೇದವನ್ನು ಬೆತ್ತದಿಂದ ಕಲಿಸಬೇಕಾಗಿಲ್ಲ.

ಆದರೆ ಲಾಭದ ಮೇಲೆಯೇ ಹಾಡನ್ನು ನಿಲ್ಲಿಸುವದರಲ್ಲಿ ಅಪಾಯವಿದೆ. 1993ರಲ್ಲಿ ಅಮೇರಿಕೆಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟನ ಸಂಗೀತವನ್ನು ಕೇಳಿಸಿದಾಗ ಒಂದು ಬಗೆಯ ಬುದ್ಧಿಪರೀಕ್ಷೆಯಲ್ಲಿ ಅವರ ಅಂಕಗಳು ಏರಿದವು. ಆ ಏರಿಕೆ ಕಾಲುಗಂಟೆಯೂ ನಿಲ್ಲಲಿಲ್ಲ. ಅಷ್ಟಕ್ಕೇ ಸಂಗೀತ ಕೇಳಿದ ಕೂಸು ಜಾಣನಾಗುವದೆಂಬ ಸುದ್ದಿ ಜಗತ್ತಿನಲ್ಲೆಲ್ಲ ಹಬ್ಬಿತು. 1998ರಲ್ಲಿ ಜಾರ್ಜಿಯಾ ಪ್ರಾಂತದ ಗವರ್ನರರು ಹುಟ್ಟಿದ ಪ್ರತಿಯೊಂದು ಶಿಶುವಿಗೂ ಸಂಗೀತದ ಮುದ್ರಿಕೆಯನ್ನು ಹಂಚಲು 1,05,000 ಡಾಲರುಗಳನ್ನು ಕೇಳಿದರು. ಮುಂದಿನ ಪರೀಕ್ಷೆಗಳಲ್ಲಿ ಆ ಪರಿಣಾಮ ಅತ್ಯಲ್ಪವೆಂದು ಕಂಡುಬಂದಿತು. ಅಂಕಗಳಿಗಾಗಿ ಒಳಬಂದ ಹಾಡು ಅಂಕಗಳು ಏರದಿದ್ದರೆ ಹೊರಗೆ ಹೋಗಬೇಕಾಗುತ್ತದೆ. ಮಗುವಿಗೆ ಅನ್ನವನ್ನು ಇಡುವಾಗ ಇದರಿಂದ ಗಣಿತ ಸುಧಾರಿಸೀತೇ ಎಂದು ನಾವು ಕೇಳುವದಿಲ್ಲವಷ್ಟೆ.

ಸಾಧನವೆಂದು ಬಗೆದಾಗ ಆಗುವ ಅನ್ಯಾಯ ಸಮ್ಮೇಲನದ ತಾಲೀಮಿನಲ್ಲಿ ಸ್ಪಷ್ಟವಾಗಿ ಕಾಣುವದು. ಕಂಠವುಳ್ಳ ಎಂಟು ಮಕ್ಕಳನ್ನು ಮುಂದಿನ ಸಾಲಿಗೆ ಆರಿಸುತ್ತಾರೆ. ಸ್ವರ ತಪ್ಪುವ ಹುಡುಗಿಗೆ ‘ನೀನು ಹಿಂದೆ ನಿಂತು ತುಟಿ ಮಾತ್ರ ಆಡಿಸು’ ಎಂಬ ಆಜ್ಞೆಯಾಗುವದು. ಹೇಳುವವರಿಗೆ ಇದು ವ್ಯವಸ್ಥೆಯ ಮಾತು. ಕೇಳಿದವಳು ಮುಂದೆ ಒಂಟಿಯಾಗಿದ್ದಾಗಲೂ ಹಾಡಲಾರಳು. ಐದಾರು ವರ್ಷದ ಮಕ್ಕಳಲ್ಲಿ ಅನೇಕರ ಹಾಡು ಧಾಟಿಯಲ್ಲಿ ಸರಿಯಿದ್ದು ಸ್ವರದಲ್ಲಿ ಅತ್ತಿತ್ತ ಇರುವದೇ ಸಹಜ. ಖಚಿತ ಸ್ವರ ಆಮೇಲೆ, ಹಾಡಿ ಹಾಡಿಯೇ ಬರುವದು. ಇಂದು ಇತರರ ನೆರವಿನಿಂದ ಮಾಡುವದನ್ನು ಮಗು ನಾಳೆ ತಾನೇ ಮಾಡೀತೆಂದು ರಶಿಯದ ವೈಗೋಟ್‌ಸ್ಕಿ ಹೇಳಿದನು. ನೆರವು ಹೆಚ್ಚು ಬೇಕಾದ ಮಗುವನ್ನೇ ಮೇಳದಲ್ಲಿ ಮೂಕವಾಗಿಸಿದರೆ ಆ ನಾಳೆ ಬರುವದಾದರೂ ಹೇಗೆ? ವೇದಿಕೆಯ ಮೇಲೆ ಸ್ವಲ್ಪ ಅಪಸ್ವರ ಕೇಳಿಸಲಿ. ಬಂದ ಮುಖ್ಯ ಅತಿಥಿಗಳು ಸಹಿಸಿಕೊಳ್ಳುವರು.

ಯಾವ ಹಾಡು ಎಂಬುದು ಉಳಿದ ಮಾತು. ಹಂಗೇರಿಯ ಸಂಗೀತಗಾರ ಕೊಡಾಯಿ, ಮಾತಿನಂತೆ ಸಂಗೀತಕ್ಕೂ ಮಾತೃಭಾಷೆಯುಂಟು, ಅದು ಜನಪದ ಗೀತವೆಂದು ಸಾರಿದನು. ಸಂಗೀತಶಿಕ್ಷಣ ಹುಟ್ಟುವ ಒಂಬತ್ತು ತಿಂಗಳು ಮುಂಚೆ ಆರಂಭವಾಗಬೇಕೆಂದಿದ್ದವನು, ಆಮೇಲೆ ತಿದ್ದಿಕೊಂಡು ತಾಯಿ ಹುಟ್ಟುವ ಒಂಬತ್ತು ತಿಂಗಳು ಮುಂಚೆ ಎಂದನು. ಮೈಂದರ್ಗಿ, ಅಕ್ಕಲಕೋಟೆಗಳ ಕೂಸಿಗಾದರೆ ಇಂಥ ಮಾತೃಭಾಷೆ ಒಂದೇ ಎನ್ನಲಾಗದು. ತೊಟ್ಟಿಲಲ್ಲಿ ಕನ್ನಡದ ಜೋಗುಳ, ಓಣಿಯಲ್ಲಿ ಮರಾಠಿಯ ಅಭಂಗ. 1956ರ ಪುನರ್ವಿಂಗಡಣೆ ಭೂಮಿಗೆ ಗೆರೆಯೆಳೆಯಿತು. ಬೀಸುವ ಕಲ್ಲಿನ ಮೇಲೆ ಕನ್ನಡತಿ ಹಾಡಿದ ತ್ರಿಪದಿಗೂ ಮರಾಠಿತಿ ಹಾಡಿದ ಓವಿಗೂ ನಡುವೆ ಅಂಥ ಗೆರೆಯಿರಲಿಲ್ಲ. ಒಂದೇ ಕಂಠದಿಂದ ದಾಸರ ಪದವನ್ನೂ ಅಭಂಗವನ್ನೂ ಹಾಡಿದ ಭೀಮಸೇನ ಜೋಶಿಯವರನ್ನು ಕಂಡ ಸೀಮೆಯಿದು. ಕನ್ನಡ ಶಾಲೆಯ ಕೂಸು ಎರಡನ್ನೂ ಹಾಡಿದರೆ ಕನ್ನಡಕ್ಕೆ ಕೊರತೆಯಿಲ್ಲ. ಕೊರತೆ ಬರುವದು, ಎರಡನ್ನೂ ಬಿಟ್ಟು, ಫೋನಿನ ಪರದೆಯ ಮೇಲೆ ಎಲ್ಲ ಊರುಗಳಿಗೂ ಒಂದೇ ಆಗಿ ಕುಣಿಯುವ ಹಾಡನ್ನು ನೋಡುತ್ತ ಕೂಸು ಸುಮ್ಮನೆ ಕುಳಿತಾಗ. ಅದು ಕೇಳುವದೇ ಹೊರತು ಹಾಡುವದಲ್ಲ.

ಭೀಮೆಯಾಚೆಯ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಅಲ್ಲಿಯವರೆಗೆ ಓದು ಬಲ್ಲವರು ಸಾಹಿತ್ಯವೆಂದೆಣಿಸದಿದ್ದ ಹಾಡುಗಳವು. ಪ್ರತಿ ಮನೆಯಿಂದ ಒಂದು ತೊಟ್ಟಿಲ ಹಾಡನ್ನು ಕೇಳಿ ಬರಲು ಮಕ್ಕಳಿಗೆ ಹೇಳುವದು ಇಂದಿಗೂ ಆಗದ ಕೆಲಸವಲ್ಲ. ಕನ್ನಡವಿರಲಿ, ಮರಾಠಿಯಿರಲಿ, ಉರ್ದುವಿರಲಿ, ಲಂಬಾಣಿಯಿರಲಿ.

ಇಲ್ಲಿ ಒಂದು ಇಕ್ಕಟ್ಟು ಎದುರಾಗುವದನ್ನು ಮರೆಮಾಚಲಾಗದು. ಹಳೆಯ ಜೋಗುಳಗಳಲ್ಲಿ ಗಂಡುಕೂಸಿನ ಹಿಗ್ಗು ಹೆಚ್ಚು. ಹೆಣ್ಣು ಹುಟ್ಟಿದ ಮನೆಯ ನಿಟ್ಟುಸಿರೂ ಕೆಲವುಗಳಲ್ಲಿ ಉಂಟು. ಹೆಣ್ಣುಮಕ್ಕಳು ಕುಳಿತ ತರಗತಿಯಲ್ಲಿ ಅವನ್ನು ಇದ್ದಂತೆ ಹಾಡಿಸಬೇಕೋ, ಬದಲಿಸಬೇಕೋ? ಅರ್ಥ ತಿಳಿಯದ ವಯಸ್ಸಿನಲ್ಲಿ ಕೇಳಿದ ಮಾತು ಅರ್ಥ ತಿಳಿಯುವ ವಯಸ್ಸಿಗೂ ಉಳಿಯುವದರಿಂದ, ಧಾಟಿಯನ್ನು ಇಟ್ಟುಕೊಂಡು ಮಾತನ್ನು ಬದಲಿಸುವದು ತಪ್ಪಲ್ಲವೆಂದು ನನ್ನ ಅಭಿಪ್ರಾಯ. ಆದರೆ ಆ ಕೆಲಸವನ್ನು ಮಾಸ್ತರರು ಮೇಜಿನ ಮುಂದೆ ಕುಳಿತು ತಾವೊಬ್ಬರೇ ಮಾಡಬಾರದು. ಹಾಡನ್ನು ಹೇಳಿಕೊಟ್ಟ ಅಜ್ಜಿಯನ್ನೇ ಕೇಳಬೇಕು. ಮೊಮ್ಮಗಳ ಹೆಸರನ್ನಿಟ್ಟು ಹೊಸ ನುಡಿಯೊಂದನ್ನು ಕಟ್ಟಲು ಆಕೆಗೆ ಹೆಚ್ಚು ಹೊತ್ತು ಬೇಕಾಗಲಿಕ್ಕಿಲ್ಲ.